ಜಿಪ್ಪಕ್ಕ ಮತ್ತು ದೋಣಿಯಜ್ಜಿ

ನಮ್ಮ ಓಣಿಯ ತಿರುವಿನಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಜಿಪ್ಪಕ್ಕನ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಕೆಟ್ಟ ಜಿಪ್ಪು ಬಿಚ್ಚಿ ಹೊಸದು ಹಾಕುವುದು, ಇಷ್ಟೇ ಅವಳ ಕಸುಬು. "ಹೊಲಿಯೋದೇನು, ಯಾರು ಬೇಕಾದ್ರೂ ಹೊಲೀತಾರೆ. ಬಟ್ಟೆಗೆ ನೋವಾಗದ ಹಾಗೆ ಬಿಚ್ಚಬೇಕು, ಅದು ಕಷ್ಟ" ಎನ್ನುತ್ತಾಳೆ. ಬಟ್ಟೆ ಕೊಟ್ಟು ಕಾಯುವವರಿಗೆಂದು ಅಲ್ಲಿ ಒಂದು ಕುಂಟು ಸ್ಟೂಲಿದೆ. ಅದರ ಮೇಲೆ ಕೂತೇ ನಾನು ಈ ಕತೆ ಕೇಳಿದ್ದು.

ಅವಳ ಅಪ್ಪ ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಬೆಳಗಿನಿಂದ ಸಂಜೆಯವರೆಗೆ "ಎರಡನೇ ಮಹಡಿ, ಮಕ್ಕಳ ಉಡುಪು, ಮೂರನೇ ಮಹಡಿ, ಚಪ್ಪಲಿ, ನಾಲ್ಕನೇ ಮಹಡಿ, ಪಾತ್ರೆ ಸಾಮಾನು" ಎಂದು ಕೂಗಿ ಕೂಗಿ, ಮನೆಗೆ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನಿವೃತ್ತರಾದ ಮೇಲೂ ಹಾಗೆಯೇ. ಅಮ್ಮ ಮನೆಬಿಟ್ಟು ಹೋದಾಗ ಜಿಪ್ಪಕ್ಕ ಚಪ್ಪಲಿಯ ಎಡ ಬಲ ತಿಳಿಯದ ವಯಸ್ಸಿನವಳು. ಚಿಕ್ಕಮ್ಮನನ್ನು ಕೇಳಿದರೆ "ಅವಳಿಗೆ ಸಂಸಾರ ಬೇಡವಾಗಿತ್ತು ಕಣೇ, ಹೋದ್ಲು" ಎನ್ನುತ್ತಿದ್ದಳು. ಅತ್ತೆಯನ್ನು ಕೇಳಿದರೆ "ಪಾಪ, ಅವಳ ಮನಸ್ಸೇ ನೆಟ್ಟಗಿರಲಿಲ್ಲ" ಎನ್ನುತ್ತಿದ್ದಳು. ಅಪ್ಪನನ್ನು ಮಾತ್ರ ಅವಳು ಕೇಳಿರಲಿಲ್ಲ.

ಹೋದ ವರ್ಷ ಚಿಕ್ಕಪ್ಪನ ಮಗ ತನ್ನ ಹಳೆಯ ಆಟದ ಯಂತ್ರವನ್ನು ತಂದು ಅವಳ ಟಿವಿಗೆ ಸಿಕ್ಕಿಸಿದ.

"ನನಗೆ ಮದುವೆ ಗೊತ್ತಾಯ್ತಲ್ಲಕ್ಕಾ, ಇನ್ನು ಟಿವಿ ಒಳಗಿನ ಯುದ್ಧ ಸಾಕು."

"ಹುಡುಗಿ ಕಿವಿಗೆ ಹಾಕ್ಲಾ ಈ ಮಾತು?"

"ಅಯ್ಯೋ, ಹಾಕಿಬಿಟ್ಟೀಯ ಮಾರಾಯ್ತಿ! ನಿನ್ನ ಬಾಯಿಗೂ ಒಂದು ಜಿಪ್ಪು ಹಾಕ್ಕೋ."

ಅದರಲ್ಲಿ ಒಂದೇ ಆಟವಿತ್ತು. ಕೋಟೆ, ಕಾಡು, ಬೆಂಕಿಯುಗುಳುವ ಡ್ರ್ಯಾಗನ್. ನಾವು ಆಡಿಸಬೇಕಾದದ್ದು ಬಿಲ್ಲು ಹಿಡಿದ ಒಬ್ಬ ಹುಡುಗಿಯನ್ನು. ಕೋಟೆ ಬಿದ್ದ ದಿನ ಅವಳ ತಾಯಿ ಅವಳನ್ನು ಬಾಗಿಲ ಕಾವಲುಗಾರನ ಮಡಿಲಿಗೆ ಹಾಕಿ ಹೊರಟುಹೋಗಿದ್ದಳು. ದಾರಿಯಲ್ಲಿ ಸಿಕ್ಕವರು ಮಾತಾಡುತ್ತಾರೆ. ಅವರ ಮಾತು ಪರದೆಯ ಕೆಳಗೆ ಅಕ್ಷರವಾಗಿ ಮೂಡುತ್ತದೆ. ಉತ್ತರವಾಗಿ ನಾವು ಮೂರರಲ್ಲಿ ಒಂದು ಮಾತು ಆರಿಸಬೇಕು. ಆರಿಸಿದಂತೆ ಕತೆ ಕವಲೊಡೆಯುತ್ತದೆ.

ಡ್ರ್ಯಾಗನ್ನಿನ ಗೊಡವೆಗೆ ಜಿಪ್ಪಕ್ಕ ಹೋಗಲೇ ಇಲ್ಲ. ಕಾಡಿನ ದಾರಿ ಹಿಡಿದಾಗ ಬೇಡರು ಹೇಳಿದರು, ಆ ತಾಯಿ ಶತ್ರುಗಳಿಗೆ ಕೋಟೆಯ ಗುಟ್ಟು ಮಾರಿಕೊಂಡಳು ಎಂದು. ಆಟ ಮೊದಲಿನಿಂದ ಶುರುಮಾಡಿ ಅರಮನೆಯ ದಾರಿ ಹಿಡಿದಾಗ ಮಂತ್ರಿ ಹೇಳಿದ, ಆಕೆ ಮಗಳನ್ನು ಉಳಿಸಲೆಂದೇ ಶತ್ರುಗಳನ್ನು ತನ್ನ ಹಿಂದೆ ಸೆಳೆದುಕೊಂಡು ಹೋದಳು ಎಂದು. ಯಾವುದು ನಿಜ? ಸಂಜೆ ಅಂಗಡಿ ಮುಚ್ಚಿ ಬಂದು ಒಲೆಯ ಮೇಲೆ ಅನ್ನಕ್ಕಿಟ್ಟು ಅವಳು ಅದನ್ನೇ ಹುಡುಕುತ್ತಿದ್ದಳು.

"ಅಕ್ಕಾ, ನೀನು ಆಟ ಆಡ್ತಿದೀಯೋ ಪಂಚಾಯ್ತಿ ಮಾಡ್ತಿದೀಯೋ?" ಎಂದು ತಮ್ಮ ನಕ್ಕ. "ಅದೆಲ್ಲ ಹಿಂದಿನ ಕತೆ, ಯಾರೂ ಓದಲ್ಲ. ಮುಂದೆ ಡ್ರ್ಯಾಗನ್ ಕಾಯ್ತಿದೆ, ಹೋಗಿ ಹೊಡಿ."

"ಡ್ರ್ಯಾಗನ್ ಎಲ್ಲಿಗೆ ಹೋಗುತ್ತೋ, ಅಲ್ಲೇ ಬಿದ್ದಿರುತ್ತೆ. ಇವಳಮ್ಮ ಎಲ್ಲಿಗೆ ಹೋದ್ಲು, ಅದು ಹೇಳು."



ಎರಡೂ ದಾರಿಗಳು ಕೂಡುವ ಕಡೆ ಒಂದು ಹೊಳೆ. ಅಲ್ಲೊಬ್ಬ ದೋಣಿಯಜ್ಜಿ. ಆ ದಿನ ತಾಯಿಯನ್ನು ಹೊಳೆ ದಾಟಿಸಿದವಳು ಅವಳೇ. ಹುಟ್ಟು ಹಾಕುತ್ತಾ ಅಜ್ಜಿ "ನಿನ್ನಮ್ಮ ಇಲ್ಲೇ ಕೂತಿದ್ದಳು" ಎಂದು ಶುರುಮಾಡುತ್ತಾಳೆ. ತಕ್ಷಣ ಕೆಳಗೆ ಮೂರು ಮಾತು ಮೂಡುತ್ತವೆ: 'ಮುಂದೇನಾಯಿತು?' 'ನೀನು ಹೇಳುವುದು ಸುಳ್ಳು.' 'ಬೇಡ ಬಿಡು.' ಅವುಗಳ ಅಡಿಯಲ್ಲಿ ಬೆಳಕಿನ ಗೆರೆಯೊಂದು ಸವೆಯುತ್ತಾ ಬರುತ್ತದೆ. ಗೆರೆ ಮುಗಿಯುವುದರೊಳಗೆ ಒತ್ತದಿದ್ದರೆ ಸೋತಂತೆ ಎಂದು ತಮ್ಮ ಹೇಳಿಕೊಟ್ಟಿದ್ದ. ಮುಂದೇನು ಎಂದರೆ ಅಜ್ಜಿ "ಹೊಳೆಗೆ ನೆನಪಿರಲ್ಲ ಮಗಳೇ" ಎನ್ನುತ್ತಾಳೆ. ಸುಳ್ಳು ಎಂದರೆ ಮುಖ ತಿರುಗಿಸುತ್ತಾಳೆ. ಬಿಡು ಎಂದರೆ ಸುಮ್ಮನೆ ದಡ ಮುಟ್ಟಿಸುತ್ತಾಳೆ. ಜಿಪ್ಪಕ್ಕ ಮೂರನ್ನೂ ಎಷ್ಟು ಸಲ ಒತ್ತಿದಳೋ, ಅಜ್ಜಿಯ ಬಾಯಿಯಿಂದ ಬೇರೆ ಮಾತು ಹೊರಡಲಿಲ್ಲ.

ಒಂದು ಸಂಜೆ ಅಜ್ಜಿ ಮಾತು ಶುರುಮಾಡುವುದಕ್ಕೂ ಅಡಿಗೆಮನೆಯಲ್ಲಿ ಅನ್ನ ಸೀಯುವ ವಾಸನೆ ಬರುವುದಕ್ಕೂ ಸರಿಹೋಯಿತು. ಜಿಪ್ಪಕ್ಕ ಎಲ್ಲ ಬಿಟ್ಟು ಓಡಿದಳು. ಪಾತ್ರೆ ಇಳಿಸಿ, ಕೈ ಸುಟ್ಟುಕೊಂಡು, ಬೆರಳು ಬಾಯಲ್ಲಿಟ್ಟುಕೊಂಡು ಬಂದು ನೋಡಿದರೆ ಗೆರೆ ಸವೆದು ಹೋಗಿತ್ತು. ಆಟ ಮುಗಿದಿರಲಿಲ್ಲ. ದೋಣಿ ನಡುಹೊಳೆಯಲ್ಲಿತ್ತು. ಅಜ್ಜಿ ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಮಾತಾಡುತ್ತಿದ್ದಳು.

"ನೀನೊಬ್ಬಳು ಸುಮ್ಮನೆ ಕೂತೆ. ಅದಕ್ಕೆ ಹೇಳುತ್ತೇನೆ. ದೋಣಿ ತಿರುಗಿಸು ಅಂತ ನಿನ್ನಮ್ಮ ನನ್ನ ಕಾಲು ಹಿಡಿದಳು. ದಡದಲ್ಲಿ ಬೆಂಕಿ ಉರಿಯುತ್ತಿತ್ತು, ನನಗೆ ಭಯ. ನಾನು ತಿರುಗಿಸಲಿಲ್ಲ."

ಇದನ್ನು ಹೇಳುವಾಗ ಜಿಪ್ಪಕ್ಕ ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. "ನೋಡಿ, ಬೇಡರೂ ಅಲ್ಲಿರಲಿಲ್ಲ, ಮಂತ್ರಿನೂ ಇರಲಿಲ್ಲ. ಇದ್ದೋಳು ಇವಳೊಬ್ಬಳೇ. ನಾನು ಇವಳ ಬಾಯಿಗೇ ಅಡ್ಡ ಬರ್ತಿದ್ದೆ."

ದೇವರು ಎಲ್ಲರ ಮಾತೂ ಕೇಳುತ್ತಾನೆ ಎನ್ನುತ್ತೇವೆ. ಅವನ ಮುಂದೆ ಕೂತವರು ಒಳಗಿನದನ್ನೆಲ್ಲ ಹೇಳಿಕೊಳ್ಳುವುದು, ಅವನು ನಡುವೆ ಬಾಯಿ ಹಾಕುವುದಿಲ್ಲವೆಂದೇ ಇರಬೇಕು.

ಕೆಲವು ದಿನಗಳ ಮೇಲೆ ಅವಳು ಮಗುವಿನ ಫ್ರಾಕೊಂದನ್ನು ಮನೆಗೆ ತಂದು ಅದರ ಜಿಪ್ಪು ಬಿಚ್ಚುತ್ತಾ ಕೂತಿದ್ದಳು. ಅಪ್ಪ ಎದುರಿನ ಕುರ್ಚಿಯಲ್ಲಿದ್ದರು. ಫ್ರಾಕನ್ನೇ ನೋಡುತ್ತಾ "ನಿಮ್ಮಮ್ಮ ಇದ್ದಿದ್ರೆ..." ಎಂದರು. ಈ ಮಾತನ್ನು ಅವರು ಹಿಂದೆಯೂ ಎಷ್ಟೋ ಸಲ ಶುರುಮಾಡಿದ್ದರು. ಪ್ರತಿ ಸಲವೂ ಅಪ್ಪನಿಗೆ ನೋವಾದೀತೆಂದು "ಈಗ್ಯಾಕಪ್ಪ ಅದೆಲ್ಲ, ಏಳು, ಊಟ ಮಾಡು" ಎಂದು ಅವಳೇ ತಡೆದಿದ್ದಳು. ಈ ಸಲವೂ ಅದೇ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಒಂದೊಂದೇ ದಾರ ಕೀಳುತ್ತಾ ತಲೆ ತಗ್ಗಿಸಿಯೇ ಕೂತಳು. ಜಿಪ್ಪಿನ ಒಂದು ಬದಿ ಪೂರ್ತಿ ಬಿಚ್ಚಿಕೊಂಡಿತು.

"ಒಂದ್ಸಲ ಬಂದಿದ್ಲು" ಎಂದರು ಅಪ್ಪ.

ಅವಳು ಕತ್ತೆತ್ತಲಿಲ್ಲ.

"ಅಂಗಡಿಗೆ. ನೀನಾಗ ಸ್ಕೂಲಿಗೆ ಹೋಗ್ತಿದ್ದೆ. ಜನರ ಜೊತೆ ಲಿಫ್ಟಿಗೆ ಹತ್ತಿದ್ಲು. ಎದುರಿಗೇ ನಿಂತಿದಾಳೆ, ನಾನು ಏನು ಕೇಳಿದೆ ಗೊತ್ತಾ? 'ಎಷ್ಟನೇ ಮಹಡಿ?' ಬಾಯಿಗೆ ಅದೇ ಬಂತು ಕಣಮ್ಮ. ಮೂರರಲ್ಲಿ ಎಲ್ಲ ಇಳಿದ್ರು, ನಾವಿಬ್ಬರೇ ಉಳಿದ್ವಿ. ಆಗ 'ಮಗು ಹೇಗಿದಾಳೆ?' ಅಂದ್ಲು. ಅಷ್ಟರಲ್ಲಿ ಬಾಗಿಲು ತೆರೀತು. ನಾನು, 'ನಾಲ್ಕನೇ ಮಹಡಿ, ಪಾತ್ರೆ ಸಾಮಾನು' ಅಂದೆ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಇಳಿದು ನಿಂತ್ಲು. ಕೆಳಗಿನೋರು ಗಂಟೆ ಒತ್ತುತ್ತಾನೇ ಇದ್ರು. ನಾನು ಕೆಳಗೆ ಹೋದೆ. ತಿರುಗಿ ಬರೋದ್ರಲ್ಲಿ ಇರಲಿಲ್ಲ. ಮೆಟ್ಟಿಲಲ್ಲಿ ಇಳಿದಿರಬೇಕು. ಆಮೇಲೆ ಲಿಫ್ಟಲ್ಲಿ ನಾಲ್ಕರ ದೀಪ ಹತ್ತಿದಾಗಲೆಲ್ಲ ಅವಳೇ ಕರೀತಿದಾಳೆ ಅಂತ ಓಡ್ತಿದ್ದೆ. ಬಾಗಿಲು ತೆಗೆದ್ರೆ ಯಾರೋ ಕುಕ್ಕರ್ ತಬ್ಕೊಂಡು ನಿಂತಿರೋರು." ಅಪ್ಪ ಸ್ವಲ್ಪ ನಕ್ಕರು. "ಕೆಲಸ ಬಿಡೋ ದಿನದವರೆಗೂ ಹಂಗೇ. ನಿನಗೆ ಹೇಗೆ ಹೇಳ್ಲಿ?"

ಜಿಪ್ಪಕ್ಕನಿಗೆ ಬೈಯಬೇಕೆನಿಸಿತಂತೆ, ಅಳಬೇಕೆನಿಸಿತಂತೆ. ಫ್ರಾಕನ್ನು ಮಡಚಿಟ್ಟು ಎದ್ದು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳಷ್ಟೇ.

"ಮಗು ಹೇಗಿದಾಳೆ ಅಂದ್ಲಂತೆ" ಎಂದು ನನ್ನ ಹತ್ತಿರ ಮತ್ತೆ ಮತ್ತೆ ಹೇಳಿದಳು. ಅವಳ ಕೂದಲಲ್ಲಿ ಈಗ ಬಿಳಿ ಎಳೆಗಳಿವೆ. "ಮಗು ಅಂತ."

ಆಟವನ್ನು ಅವಳು ಮತ್ತೆ ಮುಂದುವರಿಸಲಿಲ್ಲ. ಡ್ರ್ಯಾಗನ್ ಇನ್ನೂ ಜೀವಂತವಾಗಿದೆ ಎಂದು ತಮ್ಮ ಈಗಲೂ ಕಾಡುತ್ತಾನೆ.

ಹೋದ ಭಾನುವಾರ ಅವಳು ಅಪ್ಪನನ್ನು ಆ ಅಂಗಡಿಗೆ ಕರೆದುಕೊಂಡು ಹೋದಳು. ಈಗ ಅಲ್ಲಿ ಲಿಫ್ಟಿಗೆ ಆಳಿಲ್ಲ, ಗುಂಡಿಗಳಿವೆ. ಅಪ್ಪ ಅಂಗಿಯ ತೋಳು ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ ಪಕ್ಕಕ್ಕೆ ಸರಿದು ಹಳೆಯ ಜಾಗದಲ್ಲೇ ನಿಂತು, ನಾಲ್ಕನ್ನು ಒತ್ತಿದರು. ಮೇಲೆ ಬಾಗಿಲು ತೆರೆಯಿತು. ಸಾಲು ಸಾಲು ಸ್ಟೀಲಿನ ಪಾತ್ರೆಗಳು, ಅವುಗಳ ಪಕ್ಕದಲ್ಲಿ ಕೆಳಗಿಳಿಯುವ ಮೆಟ್ಟಿಲು. ಅಪ್ಪ ಮೆಟ್ಟಿಲ ಕಡೆಗೇ ನೋಡುತ್ತಾ ನಿಂತರು. ಇಳಿಯಲಿಲ್ಲ. ಬಾಗಿಲು ಮುಚ್ಚಿಕೊಳ್ಳತೊಡಗಿದಾಗ ಜಿಪ್ಪಕ್ಕ ನಡುವೆ ಕೈ ಅಡ್ಡ ಹಿಡಿದಳು.