ದೆವ್ವದ ಸಿನಿಮಾದ ಮೊದಲ ಹತ್ತು ನಿಮಿಷ

ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ಮನೆಯಲ್ಲಿ ಅಂಥ ಕಷ್ಟವೂ ಇರಲಿಲ್ಲ. ನಮ್ಮೂರ ಮದುವೆಯೊಂದಕ್ಕೆ ಚಿನಕುರಳಿ ಕಡೆಯಿಂದ ಮೈಕ್‌ಸೆಟ್ಟು ಬಂದಿತ್ತು. ಆ ವೈರು ಸುತ್ತಿಕೊಡಲು ಹೋದವನು ಮತ್ತೆ ಶಾಲೆಯ ಕಡೆ ತಿರುಗಲಿಲ್ಲ, ಅಷ್ಟೆ. ಇದನ್ನು ಹೇಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಸಂಕೋಚವಿರುವುದು ಬೇರೊಂದು ವಿಷಯಕ್ಕೆ. ನಾನು ಇವತ್ತಿನವರೆಗೆ ಒಂದೇ ಒಂದು ದೆವ್ವದ ಸಿನಿಮಾವನ್ನೂ ಪೂರ್ತಿ ನೋಡಿಲ್ಲ.

ಮೊದಲ ಹತ್ತು ನಿಮಿಷ ನೋಡುತ್ತೇನೆ. ಆಮೇಲೆ ನನಗೆ ಹೊರಗೆ ಏನೋ ಕೆಲಸ ನೆನಪಾಗುತ್ತದೆ. ಥಿಯೇಟರಿನಲ್ಲಾದರೆ ಬೈಕಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ, ಮನೆಯಲ್ಲಾದರೆ ಹಸುವಿಗೆ ಬಾಯಾರಿಕೆ. ನನ್ನ ಹೆಂಡತಿ ಜಯಮ್ಮ ಮಾತ್ರ ಅವರೆಕಾಯಿ ಸುಲಿಯುತ್ತಾ ಕೊನೆಯತನಕ ನೋಡುತ್ತಾಳೆ. ಮಧ್ಯೆ ಒಮ್ಮೆ ಕೊಟ್ಟಿಗೆಯ ಕಡೆ ಮುಖಮಾಡಿ ಕೂಗುತ್ತಾಳೆ: “ಹಸೀಗೆ ಇನ್ನೆಷ್ಟು ನೀರು ಕುಡುಸೀರಿ? ಅದು ಒಡ್ದೋಯ್ತದೆ. ಬನ್ನಿ ಒಳಕ್ಕೆ, ದೆವ್ವ ಒಂಟೋಯ್ತು.” ಹೋಗಿರುವುದಿಲ್ಲ. ನನ್ನನ್ನು ಕರೆಸಿ ಕೂರಿಸಿ, ಸರಿಯಾಗಿ ಅದು ಬರುವ ಹೊತ್ತಿಗೆ ನನ್ನ ಮುಖ ನೋಡುವುದೇ ಅವಳಿಗೆ ಸಿನಿಮಾ.

ಹೀಗಾಗಿ ದೆವ್ವ ಕೊನೆಗೆ ಏನಾಗುತ್ತದೆ, ಅದಕ್ಕೆ ಯಾರ ಮೇಲೆ ಸಿಟ್ಟು ಎಂಬುದೆಲ್ಲ ನನಗೆ ತಿಳಿಯದು. ಆದರೆ ಅದು ಬರುವ ಮುಂಚೆ ಏನೇನಾಗುತ್ತದೆ ಎಂಬ ವಿಷಯದಲ್ಲಿ ನನ್ನಷ್ಟು ಅನುಭವ ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿಗಿರಲಾರದು. ಜಂಬಕ್ಕೆ ಹೇಳುತ್ತಿಲ್ಲ. ಮೈಕ್‌ಸೆಟ್ಟಿನಿಂದ ಲೈಟಿಂಗ್‌ಗೆ, ಲೈಟಿಂಗ್‌ನಿಂದ ಕ್ಯಾಮೆರಾಕ್ಕೆ ಬಡ್ತಿ ಪಡೆದವನು ನಾನು. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಈ ಕಡೆ ನಾನು ಮದುವೆ ವಿಡಿಯೋ ತೆಗೆಯದ ಛತ್ರ ಹುಡುಕಬೇಕು. ಬೇರೆಯವರು ಹೆದರಿಕೊಂಡು ನೋಡುವುದನ್ನು ನಾನು ಹೆದರಿಕೊಂಡೇ ಲೆಕ್ಕಹಾಕುತ್ತಾ ನೋಡುತ್ತೇನೆ. ಲೈಟು ಎಲ್ಲಿಟ್ಟಿದ್ದಾನೆ? ಮೈಕು ಎಲ್ಲಿ?

ಸಿನಿಮಾ ಶುರುವಾಗುವುದು ಒಂದು ಕಾರಿನಿಂದ. ಗಂಡ, ಹೆಂಡತಿ, ಮಗು, ಮೇಲೆ ಕಟ್ಟಿದ ಸಾಮಾನು. ಕ್ಯಾಮೆರಾ ಆಕಾಶದಲ್ಲಿ ತೇಲುತ್ತಾ ಆ ಕಾರನ್ನು ಹಿಂಬಾಲಿಸುತ್ತದೆ. ಅಷ್ಟೆತ್ತರದಿಂದ ನೋಡುತ್ತಿರುವವರು ಯಾರು? ಹೇಳುವುದಿಲ್ಲ. ನಾನು ಡ್ರೋನು ಹಾರಿಸಿದರೆ ಇಡೀ ಛತ್ರದ ಜನ ಕತ್ತೆತ್ತಿ ಕೈಬೀಸುತ್ತಾರೆ, ಅಡುಗೆಯವನೂ ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಾನೆ. ಆದ್ದರಿಂದ ನನ್ನ ವಿಡಿಯೋದಲ್ಲಿ ಯಾರಿಗೂ ಭಯವಾಗುವುದಿಲ್ಲ. ಸಿನಿಮಾದ ಕಾರಿನಲ್ಲಿರುವವರು ಮಾತ್ರ ಮೇಲೆ ನೋಡುವುದೇ ಇಲ್ಲ. ನೋಡಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತಿತ್ತು. ಆಮೇಲೆ ಒಂದು ಹಳೆಯ ಬಂಗಲೆ. ನಮ್ಮ ಕಡೆ ಒಂದು ಎಮ್ಮೆ ಕೊಳ್ಳಬೇಕಾದರೂ ಸುತ್ತಲಿನ ಊರುಗಳಲ್ಲೆಲ್ಲ ವಿಚಾರಿಸುತ್ತಾರೆ. ಇವರು ಅಷ್ಟು ದೊಡ್ಡ ಮನೆ ಹಿಡಿಯುವ ಮುಂಚೆ ಎದುರಿನ ಟೀ ಅಂಗಡಿಯಲ್ಲಿ ಒಂದು ಮಾತು ಕೇಳುವುದಿಲ್ಲ. ಬಾಗಿಲು ಕಿರ್ರೆನ್ನುತ್ತದೆ. ಒಳಗೆ ಕತ್ತಲು. ಅಷ್ಟರಲ್ಲಿ ನಮ್ಮ ಹಸುವಿಗೆ ಬಾಯಾರಿಕೆ.

ಶಬ್ದದ ಸಂಗತಿ ಇನ್ನೂ ಸೂಕ್ಷ್ಮ. ನನ್ನ ವಿಡಿಯೋಗಳನ್ನೆಲ್ಲ ಮಿಕ್ಸಿಂಗ್ ಮಾಡಿಕೊಡುವವನು ಶ್ರೀರಂಗಪಟ್ಟಣದ ಮುನೀರ್. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಬಾಯಲ್ಲಿ ದೊಡ್ಡವನು. ಒಮ್ಮೆ ಅವನು ಕಂಪ್ಯೂಟರಿನಲ್ಲಿ ಇಂಥದೊಂದು ಸಿನಿಮಾದ ಆರಂಭ ಹಾಕಿ, ಶಬ್ದ ಪೂರ್ತಿ ತೆಗೆದುಬಿಟ್ಟ. “ಈಗ ನೋಡಣ್ಣ, ದೆವ್ವ ಎಲ್ಲೈತೆ? ಒಬ್ಳು ಹೆಂಗ್ಸು ಮನೆ ಕೀ ಹುಡ್ಕ್ತಾ ಅವ್ಳೆ, ಬಸ್.” ನಿಜವೇ. ಶಬ್ದ ಮತ್ತೆ ಹಾಕಿದ. ಕಿವಿಗೆ ಏನೂ ಕೇಳಿಸಿದಂತಾಗಲಿಲ್ಲ, ಎದೆಗೂಡು ಮಾತ್ರ ಗುಂಯ್ ಎಂದಿತು, ಮನೆ ಮುಂದೆ ಕಬ್ಬಿನ ಟ್ರಾಕ್ಟರು ಇಂಜಿನ್ ಆಫ್ ಮಾಡದೆ ನಿಂತ ಹಾಗೆ. ಆ ಗುಂಯ್ ಅನ್ನು ಥಟ್ಟನೆ ನಿಲ್ಲಿಸಿದರೆ ಇನ್ನೂ ಭಯ. ಇದು ನನಗೆ ಶಾಲೆ ಬಿಡುವ ಮುಂಚೆಯೇ ಗೊತ್ತಿತ್ತು. ಸಂಜೆ ಗದ್ದೆಯ ಬದುವಿನಲ್ಲಿ ಕೂತಿರುವಾಗ ಕಪ್ಪೆಗಳು ಒದರುವಷ್ಟು ಹೊತ್ತು ನೆಮ್ಮದಿ. ಎಲ್ಲವೂ ಒಟ್ಟಿಗೆ ಬಾಯಿ ಮುಚ್ಚಿದವೆಂದರೆ ನಾಲೆಯ ಏರಿಯ ಮೇಲೆ ಯಾರೋ ಬರುತ್ತಿದ್ದಾರೆಂದೇ ಅರ್ಥ.

ಇನ್ನು ಬೆಳಕು. ಸೂರ್ಯ ಮೇಲಿದ್ದಾನೆ, ಚಂದ್ರ ಮೇಲಿದ್ದಾನೆ, ಗೂಡಿನ ದೀಪವೂ ತಲೆಯ ಮಟ್ಟದಲ್ಲಿರುತ್ತದೆ. ಮುಖದ ಮೇಲೆ ಬೆಳಕು ಮೇಲಿನಿಂದ ಬೀಳುವುದೇ ನಮ್ಮ ಕಣ್ಣಿಗೆ ರೂಢಿ. ಅದನ್ನು ಗಲ್ಲದ ಕೆಳಗಿನಿಂದ ಬಿಟ್ಟರೆ ಎಂಥ ಸಾಧುವಿನ ಮುಖವೂ ಕೆಡುತ್ತದೆ. ಮೂಗಿನ ನೆರಳು ಹಣೆಗೆ ಹತ್ತುತ್ತದೆ, ಕಣ್ಣಿನ ಗುಳಿ ತಲೆಕೆಳಗಾಗುತ್ತದೆ. ಹಾಗಾದರೆ ಗರ್ಭಗುಡಿಯಲ್ಲಿ ದೇವರ ಮುಖಕ್ಕೆ ಮಂಗಳಾರತಿಯ ಬೆಳಕು ಕೆಳಗಿನಿಂದಲೇ ಬೀಳುತ್ತದಲ್ಲ, ಅಲ್ಲೇಕೆ ಹೆದರುವುದಿಲ್ಲ? ಬಹಳ ದಿನ ಯೋಚಿಸಿದೆ. ಅಲ್ಲಿ ಗಂಟೆ ಹೊಡೆಯುತ್ತಿರುತ್ತಾರೆ. ಗಂಟೆ, ಜಾಗಟೆ ಎಲ್ಲ ನಿಲ್ಲಿಸಿ ಬರೀ ಬೆಳಕನ್ನು ಆಡಿಸಿದರೆ ನಾನಂತೂ ತೀರ್ಥಕ್ಕೆ ಕಾಯುವವನಲ್ಲ.

ಇಷ್ಟೆಲ್ಲ ತಿಳಿದವನು ಸುಮ್ಮನಿರಬಹುದಿತ್ತು. ಆದರೆ ನನ್ನ ಮಗಳು ರಕ್ಷಿತಾಳ ಮದುವೆ ಬಂತು. ಗಂಡಿನ ಮನೆ ಕೆ.ಆರ್. ಪೇಟೆಯ ಹತ್ತಿರ, ಹೇಮಗಿರಿಯ ದಾರಿಯಲ್ಲಿ. ಮಗಳ ಮದುವೆಯ ವಿಡಿಯೋವನ್ನು ಇನ್ನೊಬ್ಬ ತೆಗೆಯುವುದೇ? ಸಾಧ್ಯವಿಲ್ಲ ಎಂದೆ. “ಧಾರೆ ಎರಿಯಕ್ಕಾದ್ರೂ ಕೈ ಖಾಲಿ ಮಾಡ್ಕಂದೀರಾ, ಇಲ್ಲ ಅದ್ನೂ ಕ್ಯಾಮ್ರಾ ಸ್ಟ್ಯಾಂಡಿಗೇ ಯೋಳೀರಾ?” ಎಂದಳು ಜಯಮ್ಮ. ಧಾರೆಯ ಹೊತ್ತಿಗೆ ಮುನೀರನ ಕೈಗೆ ಕೊಟ್ಟೆ. ಮಿಕ್ಕಿದ್ದೆಲ್ಲ ನಾನೇ. ಹೆಣ್ಣು ಒಪ್ಪಿಸಿ, ಮನೆ ತುಂಬಿಸಲು ಗಂಡಿನ ಊರಿಗೆ ಹೋದಾಗಲೂ ಬೀಗರ ಅಂಗಳದಲ್ಲಿ ಕ್ಯಾಮೆರಾ ಹಿಡಿದು ಮಂಡಿಯೂರಿದ್ದೆ.

ನಡು ಮಧ್ಯಾಹ್ನ. ಬೀಗಿತ್ತಿ ಸಾಕಮ್ಮನವರು ಹೊಸ್ತಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು ನೀರು. ಆ ನೀರಿಗೆ ಬಿದ್ದ ಬಿಸಿಲು ತಿರುಗಿ ಅವರ ಗಲ್ಲದ ಕೆಳಗೆ, ಹುಬ್ಬಿನ ಕೆಳಗೆ ಕೆಂಪಗೆ ಅಲೆಯಾಡುತ್ತಿತ್ತು. ಪಕ್ಕದಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ಕೈಯಿಟ್ಟು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ನಗುತ್ತಿದ್ದರು. ರಕ್ಷಿತಾ ನಾಚಿಕೊಂಡು ಹೆಸರು ಹೇಳಿದಳು, ಬಲಗಾಲಿನಿಂದ ಅಕ್ಕಿಯ ಸೇರು ಉರುಳಿಸಿದಳು, ಒಳಗೆ ಹೋದಳು. ಎಲ್ಲವೂ ಬಹಳ ಚೆನ್ನಾಗಿ ಬಂದಿತ್ತು.

ತಪ್ಪಿದ್ದು ಮಿಕ್ಸಿಂಗಿನಲ್ಲಿ. ಮದುವೆ ವಿಡಿಯೋಗಳೆಲ್ಲ ಶುರುವಾಗುವುದು ಗಣಪತಿಯಿಂದ, ಆಮೇಲೆ ತಿರುಗುವ ಹೃದಯ, ಉದುರುವ ಗುಲಾಬಿ. ನನ್ನ ಮಗಳದ್ದು ಹಾಗಿರಬಾರದು, ನೋಡಿದವರು ಮೊದಲ ನಿಮಿಷದಲ್ಲೇ ಉಸಿರು ಬಿಗಿಹಿಡಿದು ಕೂರಬೇಕು ಎಂದು ನನ್ನ ಹಟ. ಗಣಪತಿಯನ್ನು ಸ್ವಲ್ಪ ಹಿಂದಕ್ಕೆ ಕೂರಿಸಿ ಆ ಹೊಸ್ತಿಲನ್ನೇ ಮುಂದಕ್ಕೆ ತಂದೆ. ಮೊದಲು ಕಪ್ಪು ಪರದೆ, ಕಾಲುಂಗುರದ ಸದ್ದು ಮಾತ್ರ. ಆಮೇಲೆ ನಿಧಾನವಾಗಿ ಅಲುಗುವ ಕೆಂಪು ನೀರು. ಗಲಾಟೆ ಜಾಸ್ತಿಯಾಯಿತೆಂದು ನಾದಿನಿಯರ ನಗುವಿನ ಶಬ್ದ ತೆಗೆಸಿದೆ. ಅದರಡಿಗೆ ಆ ಗುಂಯ್.

“ಅಣ್ಣಾ, ಇದು ಶಾದಿ ವಿಡಿಯೋನಾ?” ಎಂದ ಮುನೀರ್. “ನಂಗ್ಯಾಕೋ ಅಕ್ಕಿ ಸೇರು ನೋಡುದ್ರೂ ಜೀವ ಝಲ್ ಅಂತೈತೆ.”

“ನಿಂಗೊತ್ತಾಗಲ್ಲ, ಸುಮ್ಕೆ ಮಾಡ್ಲಾ” ಎಂದೆ.

ಒಂದು ಭಾನುವಾರ ಮಧ್ಯಾಹ್ನ ಬೀಗರ ಮನೆಯಲ್ಲಿ ಊಟ ಮುಗಿಸಿ, ಕಿಟಕಿಗೆ ಬೆಡ್‌ಶೀಟು ಕಟ್ಟಿ, ಟಿವಿಗೆ ಹಾಕಿದೆವು. ನೆಂಟರು, ಅಕ್ಕಪಕ್ಕದವರು, ಮನೆ ತುಂಬ ಜನ. ಕಪ್ಪು ಪರದೆಗೆ ಎಲ್ಲರೂ ಸುಮ್ಮನಾದರು. ನನಗೆ ಖುಷಿ. ಕೆಂಪು ನೀರು ಬಂತು. ನಾದಿನಿಯರು ಸದ್ದೇ ಇಲ್ಲದೆ ಹಲ್ಲು ಬಿಟ್ಟು ಬಾಗಿಲಿಗೆ ಅಡ್ಡ ನಿಂತರು. ನಡುವೆ ಸಾಕಮ್ಮನವರ ಮುಖ, ಕೆಳಗಿನಿಂದ ಕೆಂಪು ಬೆಳಕು, ಕಣ್ಣಿನ ಮೇಲೆ ನೆರಳು. ನನ್ನ ಮಗಳು ಅವರ ಹಿಂದಿನ ಕತ್ತಲಿನೊಳಕ್ಕೆ ಒಂದೊಂದೇ ಹೆಜ್ಜೆಯಿಟ್ಟು ಮಾಯವಾದಳು. ಯಾರೋ ಕಿಟಾರನೆ ಕಿರುಚಿದರು. ಆಮೇಲೆ ಇಡೀ ಮನೆ ನಕ್ಕಿತು, ಅದು ಇನ್ನೂ ಕೆಟ್ಟದ್ದಾಯಿತು. “ಸಾಕವ್ವಾ, ಸೊಸೇನ ನುಂಗ್ಬುಟ್ಟಲ್ಲೇ!” ಎಂದಳು ಪಕ್ಕದ ಮನೆಯಾಕೆ.

ಸಾಕಮ್ಮನವರು ಎದ್ದು ನಿಂತರು. “ಚೆನ್ನಾಗದೆ ಬೀಗ್ರೇ. ನಮ್ಮನೆ ಸೇರುದ್ ಹೆಣ್ಣು ಏನಾಯ್ತದೆ ಅಂತ ಊರಿಗೆಲ್ಲ ತೋರ್ಸುದ್ರಿ” ಎಂದಷ್ಟೇ ಹೇಳಿ ಒಳಗೆ ಹೋದರು. ಕಾಫಿ ಬಂತು. ತಂದವರು ಅವರಾಗಿರಲಿಲ್ಲ.

ನೀವು ನಗಬಹುದು, ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮಗಳು ಆ ಮನೆಯಲ್ಲಿ ಬಾಳಬೇಕಾದವಳು. ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು: “ಅತ್ತೆ ಬೈದಿದ್ರೆ ವಾಸಿ ಇತ್ತಪ್ಪ. ಮಾತೇ ಆಡ್ತಿಲ್ಲ. ಸೊಪ್ಪು ಬುಡ್ಸವ್ವ ಅಂತಿದ್ರು, ಈಗ ಅವ್ರೇ ಬುಡುಸ್ಕತಾರೆ.” ಮುಂದೆ ಗೌರಿ ಹಬ್ಬ, ಮದುವೆಯಾದ ಮೇಲಿನ ಮೊದಲ ಹಬ್ಬ. ಮಗಳನ್ನು ಕರೆಯಲು ಹೋಗಬೇಕು. ಅತ್ತೆ ಕಳಿಸದಿದ್ದರೆ? ಜಯಮ್ಮ ಅಲಸಂದೆಕಾಯಿ ಸುಲಿಯುವುದನ್ನೂ ನಿಲ್ಲಿಸಿ ನನ್ನನ್ನೇ ನೋಡುತ್ತಾ ಕೂತಳು. ಟಿವಿ ಆಫಾಗಿತ್ತು.

ಶ್ರೀರಂಗಪಟ್ಟಣಕ್ಕೆ ಓಡಿದೆ. ಮುನೀರ್ ಹಂಗಿಸಲಿಲ್ಲ, ಅದೇ ಅವನ ದೊಡ್ಡತನ. ಗುಂಯ್ ತೆಗೆದು ಓಲಗ ಹಾಕಿದ. ನಾದಿನಿಯರಿಗೆ ಅವರ ನಗು ವಾಪಸು ಕೊಟ್ಟ. ಕೆಂಪನ್ನು ತಗ್ಗಿಸಿ ಮುಖ ಬೆಳಗಿಸಿದ. ನೋಡುತ್ತೇನೆ, ಅದೇ ಸಾಕಮ್ಮನವರು, ಅದೇ ತಟ್ಟೆ, ಈಗ ಸಾಕ್ಷಾತ್ ಲಕ್ಷ್ಮಿ. ಒಂದು ದೃಶ್ಯವನ್ನೂ ತೆಗೆದಿರಲಿಲ್ಲ, ಸೇರಿಸಿರಲಿಲ್ಲ. ಆದರೆ ಅವರ ಹಿಂದಿನ ಬಾಗಿಲ ಕತ್ತಲು ಮಾತ್ರ ಏನು ಮಾಡಿದರೂ ಹೋಗಲಿಲ್ಲ. “ಅದ್ರಾಗೆ ಏನೂ ರೆಕಾರ್ಡೇ ಆಗಿಲ್ಲಣ್ಣ” ಎಂದ ಮುನೀರ್. “ಇಲ್ದಿದ್ದುನ್ನ ನಾನೆಲ್ಲಿಂದ ತರ್ಲಿ?”

ಹಬ್ಬಕ್ಕೆ ಕರೆಯುವ ನೆಪದಲ್ಲಿ ಹೋದೆ. ಜಯಮ್ಮ ಬಾಗಿನದ ಸಾಮಾನು ಕೊಟ್ಟು ಕಳಿಸಿದಳು, ತಾನು ಬರಲಿಲ್ಲ. “ನೀವ್ ಮಾಡಿದ್ದು, ನೀವೇ ಓಗಿ” ಎಂದಿದ್ದಳು. ಸಾಕಮ್ಮನವರು ಮುಂದಿನ ಪಡಸಾಲೆಯ ಟಿವಿಯಲ್ಲಿ ಒಬ್ಬರೇ ಕೂತು ನೋಡಿದರು. ಓಲಗ ಕೇಳುತ್ತಲೇ ಹುಬ್ಬು ಸಡಿಲವಾಯಿತು. ತಮ್ಮ ಮುಖ ಬಂದಾಗ ಸೆರಗು ಸರಿಮಾಡಿಕೊಂಡರು. ರಕ್ಷಿತಾ ಅಡುಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು.

“ಎಲ್ಲಾ ಸರಿ” ಎಂದರು ಕೊನೆಗೆ. “ನಮ್ಮನೆ ಅಷ್ಟ್ಯಾಕೆ ಕತ್ಲೆ? ಆವತ್ತು ಎಲ್ಲಾ ಲೈಟೂ ಹಾಕ್ಸಿದ್ನಲ್ಲ.”

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಬಿಸಿಲಲ್ಲಿ ನಿಂತ ಕ್ಯಾಮೆರಾಕ್ಕೆ ಬಿಸಿಲಿನ ಲೆಕ್ಕವೇ ಕಣ್ಣಿಗೆ ಹತ್ತಿರುತ್ತದೆ, ಹೊರಗಿನಿಂದ ನೋಡಿದರೆ ಎಂಥ ಬೆಳಕಿನ ಮನೆಯೂ ಅದಕ್ಕೆ ಕತ್ತಲೆಯೇ, ಒಳಗೆ ಹೋದರೆ ಮಾತ್ರ ಕಾಣುತ್ತದೆ. ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮತ್ತೆ ಒಳಿಕ್ಕೆ ಯಾಕ್ ಬರ್ನಿಲ್ಲ?”

“ಕೈಲಿ ಕ್ಯಾಮ್ರಾ ಇತ್ತಲ್ಲಕ್ಕ” ಎಂದೆ. ಕ್ಯಾಮೆರಾ ಹಿಡಿದು ಒಳಗೆ ಹೋಗಬಾರದೆಂದು ಯಾವ ಶಾಸ್ತ್ರವೂ ಇಲ್ಲ. ಮಗಳ ಬೆನ್ನು ಕಾಣದಾದ ಮೇಲೂ ಆ ಬಾಗಿಲನ್ನೇ ಹಿಡಿದುಕೊಂಡು ಮಂಡಿಯೂರಿ ಕೂತಿದ್ದೆ. ಎಷ್ಟು ಹೊತ್ತೋ, ವಿಡಿಯೋದಲ್ಲಿದೆ. ಆಮೇಲೆ ಹಾಗೇ ವ್ಯಾನು ಹತ್ತಿದ್ದೆ.

ಸಾಕಮ್ಮನವರು ಟಿವಿ ಆಫ್ ಮಾಡಿದರು. “ನಮ್ಮುಡ್ಗೀನ ನಾಗಮಂಗ್ಲದ ಕಡೀಕ್ ಕೊಟ್ಟಾಗ ನಾನು ಬಸ್ಸಿಂದ ಇಳೀಲೇ ಇಲ್ಲ ಕಣಣ್ಣ” ಎಂದರು. “ತಲೆನೋವು ಅಂದೆ. ಕಿಟ್ಕೀಲಿ ನೋಡುದ್ರೆ ಅವ್ರ ಮನೆನೂ ಗವಿ ಇದ್ದಂಗಿತ್ತು. ಎದ್ದೇಳು, ಬಾ ಒಳಿಕ್ಕೆ.” ಅಲ್ಲಿಯವರೆಗೆ ಅವರಿಗೆ ನಾನು ಬರೀ ಬೀಗ್ರೇ ಆಗಿದ್ದೆ, ಅಣ್ಣನಾದದ್ದು ಆಗಲೇ.

ನಡುಮನೆ ದಾಟಿ ಅಡುಗೆಮನೆಯವರೆಗೆ ಕರೆದುಕೊಂಡು ಹೋದರು. ಹಿತ್ತಿಲ ಬಾಗಿಲಿನಿಂದ ಬೆಳಕು ಧಾರಾಳವಾಗಿ ಬರುತ್ತಿತ್ತು. ಗೋಡೆಗೆ ಹಳದಿ ಬಣ್ಣ, ಮೂಲೆಯಲ್ಲಿ ಹಾಲಿನ ಕ್ಯಾನು, ಮಣೆಯ ಮೇಲೆ ಅರ್ಧ ಬಿಡಿಸಿದ ಸೊಪ್ಪು. “ಏ ರಕ್ಷಿತಾ, ಗೂಟ ಹೊಡ್ದಂಗೆ ನಿಂತ್ಕಂಡಿದ್ದೀಯಲ್ಲ, ಸೊಪ್ಪು ಬುಡ್ಸವ್ವ. ನಿಮ್ಮಪ್ಪ ಉಣ್ಕಂಡು ಓಗ್ಲಿ. ಬೆಳಿಗ್ಗೆ ಬಸ್ಸಿಗೆ ನಿನ್ನ ಕಳಿಸ್ತೀನಿ” ಎಂದರು. ನಾನು ಅಲ್ಲಿಂದಲೇ, ಒಳಗಿನಿಂದ, ತಲೆಬಾಗಿಲ ಕಡೆ ನೋಡಿದೆ. ಅಂಗಳದಲ್ಲಿ ನಾನು ಮಂಡಿಯೂರಿದ್ದ ಜಾಗ ಬಿಸಿಲಿಗೆ ಬೆಳ್ಳಗೆ ಸುಟ್ಟುಹೋಗಿತ್ತು, ಅಲ್ಲಿ ಒಬ್ಬ ಮನುಷ್ಯ ಕೂತಿದ್ದರೂ ಮುಖ ಕಾಣುತ್ತಿರಲಿಲ್ಲ.

ಈಗ ನನ್ನ ಹತ್ತಿರ ಇರುವುದಿಷ್ಟು: ಕ್ಯಾಮೆರಾ ಎರಡು, ಡ್ರೋನು ಒಂದು, ಲೈಟು ನಾಲ್ಕು. ಹಸು ಒಂದು, ಕರು ಒಂದು. ಹೆಂಡತಿ ಒಬ್ಬಳು, ಮಗಳು ಒಬ್ಬಳು, ಅಳಿಯ ಒಬ್ಬ. ಚಪ್ಪಲಿ ಬಿಟ್ಟು ನೇರ ಅಡುಗೆಮನೆಯವರೆಗೆ ಹೋಗಬಹುದಾದ ಮನೆಗಳು ಎರಡು.