ಕಾಲರಿನ ಅಚ್ಚಾದ ಕಾರ್ಡು

ಅಣ್ಣ ಕೇಳಿದ ಒಂದು ಮಾತಿಗೆ ನಾನು ನಿಜ ಹೇಳಲಿಲ್ಲ. ಅವನನ್ನು ನೆನೆದಾಗ ಮೊದಲು ಕಾಣುವುದು ಹಣೆಯ ಮೇಲಿನ ಬೆಳಕಿನ ಚುಕ್ಕಿಗಳು. ತೂತು ಹೊಡೆದ ಕಾರ್ಡನ್ನು ಬೆಟ್ಟದ ಕಡೆಯ ಕಿಟಕಿಗೆ ಎತ್ತಿ ಹಿಡಿದು ಓದುತ್ತಿದ್ದ. ತೂತುಗಳಿಂದ ಇಳಿದ ಬಿಸಿಲು ಹುಬ್ಬಿನ ಮೇಲೆ ಆಡುತ್ತಿತ್ತು.

ಬೆಂಗಳೂರಿನ ಕಚೇರಿಯೊಂದರಲ್ಲಿ ಅವನಿಗೆ ಕಂಪ್ಯೂಟರ್ ಕೆಲಸ. ಶನಿವಾರ ನಮ್ಮೂರು ಮಧುಗಿರಿಗೆ ಬರುವಾಗ ಕಾರ್ಡಿನ ಕಟ್ಟೂ ಬರುತ್ತಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ತಿಳಿಯುವ ಹಾಗೆ ಹೇಳಿದ್ದ: ಜನ ಫೋರ್ಟ್ರಾನ್ ಎಂಬ ಭಾಷೆಯಲ್ಲಿ ಲೆಕ್ಕ ಬರೆಯುತ್ತಾರೆ, ಸಾಲಿಗೊಂದು ಕಾರ್ಡು, ಅಕ್ಷರದ ಬದಲು ತೂತು. ಅದನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವುದು ಕಂಪೈಲರ್. ಕಂಪೈಲರೇ ತಪ್ಪು ಮಾಡುತ್ತಿದೆ ಎಂದು ಯಾರಾದರೂ ದೂರು ಕೊಟ್ಟರೆ, ತಪ್ಪು ಅದರದ್ದೋ, ಬರೆದವರೇ ನಿಯಮ ಮೀರಿದ್ದಾರೋ ಎಂದು ತೀರ್ಮಾನಿಸುವವನು ಅಣ್ಣ.

"ದೂರು ಕೊಟ್ಟೋನು ದಡ್ಡ ಅಂತ ಸುರು ಮಾಡಬಾರ್ದು ಕಣಮ್ಮ. ಒಂದೊಂದ್ ಕಾರ್ಡೂ ನೋಡ್ಬೇಕು," ಅನ್ನುತ್ತಿದ್ದ.

"ಅಕ್ಕಿ ಆರ್ಸ್ದಂಗೆ?"

"ಅಕ್ಕೀಲಿ ಕಲ್ಲಷ್ಟೇ ಹುಡುಕ್ತೀಯ. ಇದ್ರಲ್ಲಿ ಇಲ್ದಿರೋದನ್ನೂ ಹುಡುಕ್ಬೇಕು."

ಒಮ್ಮೆ ದೂರದ ಕಾಲೇಜೊಂದರಿಂದ ದೂರು ಬಂತು. ಕಳಿಸಿದವರಲ್ಲಿ ಬೇರೆ ಪ್ರತಿ ಇರಲಿಲ್ಲ. ಅಣ್ಣ ಎರಡು ದಿನ ನೋಡಿ, ಬರೆದದ್ದೆಲ್ಲ ಸರಿಯಿದೆ, ತಪ್ಪು ಕಂಪೈಲರಿನದೇ ಎಂದು ಬರೆದಿಟ್ಟ. ಅವನು ಸ್ನಾನಕ್ಕೆ ಹೋದಾಗ ಕಟ್ಟಿನಿಂದ ಒಂದು ಕಾರ್ಡು ತೆಗೆದುಕೊಂಡೆ. ಅವನೇ ಕೊಡಿಸಿದ ಹೊಲಿಗೆ ಮಿಷನ್ ನನ್ನದು. ಕಾಲರಿನ ಮೂಲೆ ಕತ್ತರಿಸಲು ಗಟ್ಟಿ ಅಚ್ಚು ಬೇಕಿತ್ತು. ಅಷ್ಟೊಂದು ಕಾರ್ಡುಗಳಲ್ಲಿ ಒಂದು ತಾನೇ ಅಂದುಕೊಂಡು ಕಾರ್ಡಿನ ಮೂಲೆಯನ್ನು ಕಾಲರಿನ ಆಕಾರಕ್ಕೆ ಕತ್ತರಿಸಿದೆ.

ಮುಂದಿನ ಶನಿವಾರ ಅಣ್ಣ ಊಟ ಮಾಡದೆ ಕೂತ. ಸಾಹೇಬರ ಮುಂದೆ ಯಂತ್ರ ಓಡಿಸಿದಾಗ, ಅಂಕಿಗಳಿಗೆ ಎಷ್ಟು ಜಾಗ ಬೇಕೆಂದು ಮೊದಲೇ ಹೇಳುವ ಕಾರ್ಡೇ ಕಟ್ಟಿನಲ್ಲಿ ಇರಲಿಲ್ಲವಂತೆ. ಬರಹವೇ ತಪ್ಪು, ಅದನ್ನು ಸರಿ ಎಂದವನು ಅಣ್ಣ.

"ನಾನ್ ನೋಡಿದ್ದೆ ಕಣಮ್ಮ. ಇಲ್ಲೇನಾದ್ರೂ ಬಿತ್ತಾ?"

"ಇಲ್ಲ ಕಣಣ್ಣ."

"ಹಂಗಾದ್ರೆ ನನ್ ಕಣ್ಣೇ ಮೋಸ ಮಾಡ್ಬುಡ್ತು."

ಅಚ್ಚು ಮಿಷನ್ನಿನ ಡ್ರಾಯರಿನಲ್ಲಿತ್ತು. ಆವತ್ತು ಬೈಗುಳಕ್ಕೆ ಹೆದರಿದೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಾನೆಂದು ಹೆದರಿದೆ.

ದೂರು ನೋಡುವ ಆ ಕೆಲಸದಿಂದ ಅವನನ್ನು ತೆಗೆದು ಬೇರೆ ಕೆಲಸಕ್ಕೆ ಹಾಕಿದರು. ವರ್ಷದೊಳಗೆ ಕಚೇರಿ ಬಿಟ್ಟು ಬಂದು ತಾಲ್ಲೂಕು ಆಫೀಸಿನ ಎದುರು ಜನರಿಗೆ ಅರ್ಜಿ ಬರೆದುಕೊಡಲು ಕೂತ. ಬರೆದು ಮುಗಿಸಿ, "ನಿನ್ ಹೆಸ್ರು ಐತಾ ನೋಡಪ್ಪ," ಎಂದು ಓದು ಬಾರದವರನ್ನೂ ಕೇಳುತ್ತಿದ್ದ.

"ಲೇ, ಬರ್ದೋನೇ ನನ್ನ ಕೇಳ್ತಾವ್ನೆ ಕಣ್ಲಾ," ಎಂದು ಅವರು ನಗುತ್ತಿದ್ದರು.

ಮನೆಗೆ ಬೀಗ ಹಾಕಿದರೂ ನನ್ನ ಕೈಯಲ್ಲೇ ಎಳೆಸಿ ನೋಡಿಸುತ್ತಿದ್ದ. ಬಿದ್ದಿದೆ ಎಂದು ನಾನು ಹೇಳಿದರೆ ನಂಬುತ್ತಿದ್ದ. ತನ್ನ ಕಣ್ಣು ಬಿಟ್ಟು ನನ್ನ ಕಣ್ಣನ್ನು ನಂಬಿ ಅವನು ಬಾಳಿದ.

ಕೊನೆಗೆ ಲಕ್ವ ಹೊಡೆದು ಮಾತು ನಿಂತಿತು. ಆಸ್ಪತ್ರೆಯ ಮಂಚದ ಬಳಿ ಕೂತು ಆ ಕಾರ್ಡನ್ನು ಅವನ ಆಡುವ ಕೈಗೆ ಇಟ್ಟೆ. ಹೆಬ್ಬೆರಳು ತೂತುಗಳ ಮೇಲೆ ಒಂದೊಂದಾಗಿ ಸಾಗಿತು, ಕತ್ತರಿಸಿದ ಮೂಲೆಗೆ ಬಂದು ನಿಂತಿತು. ಆಮೇಲೆ ಕಣ್ಣು ನನ್ನ ಕಡೆ ತಿರುಗಿತು.

"ನೀನ್ ಸರಿಯಾಗೇ ನೋಡಿದ್ದೆ ಕಣಣ್ಣ," ಅಂದೆ. "ನಾನೇ ತಗಂಡಿದ್ದೆ. ತಪ್ಪಾಯ್ತು."