ಹನ್ನೆರಡನೆಯ ಜಾಗ

ಹೋದ ವಾರ ಕೆಲಸದ ಮೇಲೆ ಹುಕ್ಕೇರಿಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಒಂದು ಶಾಲೆಯ ಮೈದಾನದ ಬೇಲಿಗೆ ಒರಗಿ ನಿಂತಿದ್ದೆ. ಒಳಗೆ ಕಬ್ಬಿಣ ಕಿರ್ರೆಂದಿತು. ಹುಡುಗಿಯರು ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ರಿಂಗು ಹೊತ್ತ, ಗಾಲಿಯ ಮೇಲೆ ನಿಂತ ಕಂಬ. ನಾನು ಬೇಲಿಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಸದ್ದೊಂದಕ್ಕೆ ಇಷ್ಟು ಹೆದರುತ್ತಾಳೆಯೇ ಎಂದು ನಗಬೇಡಿ, ಕೇಳಿ.

ನಾನು ಗೋಕಾಕದಲ್ಲಿ ಕಾಲೇಜು ಓದುವಾಗ ನಮ್ಮದೂ ಅಂಥದೇ ಕಂಬ. ಕಂಬ ಮುಂದಕ್ಕೆ ಮಗುಚದಿರಲೆಂದು ಬುಡದಲ್ಲಿ ಭಾರಕ್ಕೆ ಇಟ್ಟ ಉಸುಕಿನ ಚೀಲಗಳು ಯಾವಾಗಲೋ ಹರಿದುಹೋಗಿದ್ದವು. ಹೊಸ ಚೀಲ ತುಂಬಿಸುವ ಬದಲು ಕೋಚ್ ಸರ್ ಒಂದು ಪದ್ಧತಿ ಮಾಡಿದ್ದರು: ಆಟಕ್ಕೆ ಇಳಿಯದವರು ಆ ಬುಡದ ಮೇಲೆ ಕೂರಬೇಕು. ತಂಡಕ್ಕೆ ಬೇಕಾದದ್ದು ಹನ್ನೆರಡು ಜನ. ಹನ್ನೊಂದು ಹೆಸರು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಉಳಿದ ಒಂದು ಜಾಗಕ್ಕೆ ನಾನು, ಇಲ್ಲವೇ ಕೌಜಲಗಿಯ ಮಹಾದೇವಿ. ಹೀಗಾಗಿ ಬುಡ ನಮ್ಮಿಬ್ಬರದೇ. ನನ್ನ ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಂಡಕ್ಕಿಂತ ಕಂಬಕ್ಕೆ ನಾನು ಉಪಯೋಗಕ್ಕೆ ಬಂದದ್ದೇ ಹೆಚ್ಚು.

“ಬಾಳ ಉಣಬ್ಯಾಡವಾ, ಸರ್ ನಿನ್ನ ಇಲ್ಲೇ ಕಾಯಂ ಮಾಡ್ತಾರ,” ಎಂದು ಮಹಾದೇವಿ ಕಿಚಾಯಿಸುತ್ತಿದ್ದಳು. ಆದರೆ ತಂಡದಲ್ಲಿ ಹೆಸರು ಬರದಿದ್ದರೆ ಆಟ ಸಾಕು ಎಂದು ಅವಳ ಮನೆಯಲ್ಲಿ ಹೇಳಿಯಾಗಿತ್ತು. ನಾನೋ, ಆಯ್ಕೆಯಾಗಿದ್ದೇನೆಂದು ನಮ್ಮೂರು ಕೊಣ್ಣೂರಿನ ತುಂಬ ಆಗಲೇ ಹೇಳಿಕೊಂಡು ಬಂದಿದ್ದೆ.

ಆಯ್ಕೆಯ ದಿನ ಚೆಂಡು ಬಲೆಯಲ್ಲಿ ಸಿಕ್ಕಿಕೊಂಡಿತು. ನಮ್ಮ ಕ್ಯಾಪ್ಟನ್, ಮೂಡಲಗಿಯ ಶೈಲಕ್ಕ, ಜಿಗಿದು ಬಲೆ ಹಿಡಿದು ಜಗ್ಗತೊಡಗಿದಳು. ಅದೇ ಹೊತ್ತಿಗೆ ಸರ್ ನಮ್ಮ ಕಡೆ ತಿರುಗಿ ಕೂಗಿದರು: “ಏ, ಇಬ್ರೂ ಬರ್ರಿ! ಸ್ವಲ್ಪ ಆಡ್ರಿ, ಯಾರಂತ ಈಗ ಹೇಳಿಬಿಡ್ತೀನಿ.”

ನಾನು ಹಾರಿ ಎದ್ದು ಓಡಿದೆ. ಮಹಾದೇವಿಯೂ ಎದ್ದಳು. ಹಿಂದೆ ಕಿರ್ರೆಂದಿತು. ತಿರುಗಿದರೆ ಬುಡ ನೆಲ ಬಿಟ್ಟಿತ್ತು. ಮಹಾದೇವಿ, ಏಳುತ್ತಿದ್ದ ಬುಡದ ಮೇಲೆ ಬೋರಲು ಬಿದ್ದು ಅದನ್ನು ತಬ್ಬಿಕೊಂಡಳು. “ಶೈಲಕ್ಕಾ, ಓಡು! ಓಡು!”

ಕಂಬ ಒಂದು ಕ್ಷಣ ಅನುಮಾನಿಸಿತು. ಅಷ್ಟರಲ್ಲಿ ಶೈಲಕ್ಕ ಪಕ್ಕಕ್ಕೆ ಉರುಳಿದಳು. ಆಮೇಲೆ ಎಲ್ಲವೂ ನೆಲಕ್ಕೆ. ಅವಳು ನಿಂತಿದ್ದ ಜಾಗದಲ್ಲಿ ರಿಂಗು ಮಣ್ಣಿನಲ್ಲಿ ಹೂತಿತ್ತು. ಆ ಕ್ಷಣವನ್ನು ಈಗಲೂ ಕನಸಿನಲ್ಲಿ ಮತ್ತೆ ಮತ್ತೆ ಕಾಣುತ್ತೇನೆ. ಕೆಲವು ಸಲ ಶೈಲಕ್ಕ ಉರುಳುವುದಿಲ್ಲ.

ಮಹಾದೇವಿ ತರಚಿದ ಮೊಣಕೈ ಹಿಡಿದುಕೊಂಡು ಸರ್ ಮುಂದೆ ನಿಂತಳು. “ನೀವು ಕರದಾಗ ಬರ್ಲಿಲ್ರಿ ಸರ್. ತಪ್ಪಾತ್ರಿ.”

ಜಾಗ ಹೋಯಿತೆಂದೇ ಅವಳ ಸಂಕಟ! ಮಣ್ಣಿನಲ್ಲಿ ಕೂತೇ ಶೈಲಕ್ಕ ಹೇಳಿದಳು: “ಹನ್ನೆರಡನೇದಾಕಿ ಈಕೀರಿ. ಇನ್ನ ಯಾರನ್ನೂ ಆಡಿಸಿ ನೋಡಬ್ಯಾಡ್ರಿ.” ನಾನೂ ಹೌದೆಂದು ತಲೆಯಾಡಿಸಿದೆ.

ಹುಕ್ಕೇರಿಯ ಆ ಕಂಬದ ಬುಡದ ಮೇಲೂ ಇಬ್ಬರು ಹುಡುಗಿಯರು ಕೂತಿದ್ದರು. ಒಳಗೆ ಹೋಗಿ ಅವರ ನಡುವೆ ಕೂತೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಬಸ್ಸು ಬಂತು, ಹೋಯಿತು. ಆಟ ಮುಗಿಯಿತು.

“ಮುಗೀತ್ರಿ ಅಕ್ಕಾರ, ಏಳ್ರಿ,” ಎಂದಳು ಪಕ್ಕದ ಹುಡುಗಿ.

“ರಿಂಗಿನ ಕೆಳಗ ನಿಂತಾರಲ್ಲ, ಅವರೆಲ್ಲಾ ಮೊದಲ ಈ ಕಡಿ ಬರ್ಲಿ,” ಎಂದೆ. “ಆಮ್ಯಾಲ ಏಳ್ತೀನಿ.”